ನಗರದ ಕೊಳಾಯಿ, ಹಳ್ಳಿಯ ನಾಲೆ: ಕಾವೇರಿಯಲ್ಲಿ ಯಾರ ಪಾಲು ಎಷ್ಟು?

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನವರು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ನಮಗೆ ಮೂರು ಎಕರೆ ಗದ್ದೆ ಇದೆ. 2023ರ ಬರದಲ್ಲಿ ನೀರು ನಮ್ಮ ತನಕ ಬರಲಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ. ಮರು ಬೇಸಿಗೆಯಲ್ಲಿ ಅವನ ಮನೆಯಲ್ಲೂ ನೀರಿಲ್ಲದೆ ಟ್ಯಾಂಕರ್ ತರಿಸಿದರು. ಈಗ ನಗರಕ್ಕೆ ಕಾವೇರಿ ನೀರಿನ ಐದನೇ ಹಂತ ಬಂದಿದೆ, ಆರನೇ ಹಂತದ ಮಾತೂ ಕೇಳಿಬರುತ್ತಿದೆ. ನಗರ ಹೀಗೇ ಬೆಳೆದರೆ ನಮ್ಮ ನಾಲೆಗೆ ನೀರು ಉಳಿಯುತ್ತದಾ? ಒಂದು ನದಿಯನ್ನು ಇಷ್ಟು ಜನಕ್ಕೆ ಹಂಚಲು ಯೋಜನೆ ಅಂತ ಏನಾದರೂ ಇದೆಯಾ? ನಮ್ಮಂಥವರು ಏನು ಕೇಳಬೇಕು?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ರಾಜ್ಯ ರಾಜ್ಯಗಳ ನಡುವೆ ಪಾಲು ಬರೆದಿಟ್ಟಿದೆ, ತಿಂಗಳ ಲೆಕ್ಕದಲ್ಲಿ. ಆದರೆ ನಮ್ಮ ರಾಜ್ಯದ ಒಳಗೆ, ನಿಮ್ಮ ನಾಲೆಗೆಷ್ಟು, ನಿಮ್ಮ ಮಗನ ಕೊಳಾಯಿಗೆಷ್ಟು, ನದಿಗೆಷ್ಟು ಎಂದು ಮಳೆ ಕೈಕೊಟ್ಟ ವರ್ಷದಲ್ಲಿ ಪಾಲಿಸಲೇಬೇಕಾದ ನಿಯಮವನ್ನು ಜನರ ಮುಂದೆ ಇಟ್ಟಿಲ್ಲ. ಒಳ್ಳೆ ಮಳೆಯ ವರ್ಷದಲ್ಲಿ ಈ ಕೊರತೆ ಯಾರಿಗೂ ಕಾಣುವುದಿಲ್ಲ. ಬರದ ವರ್ಷದಲ್ಲಿ ಅದರ ಪೂರ್ತಿ ಪೆಟ್ಟು ಬೀಳುವುದು ನಿಮ್ಮಂಥ ಕೊನೆ ಭಾಗದವರ ಮೇಲೆ. ನೀವು ಕೇಳಬೇಕಾದದ್ದು ಆ ನಿಯಮವನ್ನು.

ಲೆಕ್ಕದಿಂದ ಶುರು ಮಾಡೋಣ. 2007ರ ಫೆಬ್ರುವರಿಯಲ್ಲಿ ಬಂದ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಕಣಿವೆಯಲ್ಲಿ 740 ಟಿಎಂಸಿ ನೀರಿದೆ ಎಂದು ಹಿಡಿಯಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆ 10, ಸಮುದ್ರಕ್ಕೆ ಹರಿದೇ ಹೋಗುವುದು 4. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಹೆಚ್ಚುವರಿ ಸಿಕ್ಕ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಹೆಸರಲ್ಲೇ ಬಂತು. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ, ಅಷ್ಟಕ್ಕೇ ನೀರು ಎಂಬ ನ್ಯಾಯಮಂಡಳಿಯ ವಾದವನ್ನು ಕೋರ್ಟ್ ಒಪ್ಪಲಿಲ್ಲ.

ಸಾಮಾನ್ಯ ವರ್ಷದಲ್ಲಿ, ತಮಿಳುನಾಡಿಗೆ ಬಿಟ್ಟ ನೀರನ್ನು ಅಳೆಯುವ ಬಿಳಿಗುಂಡ್ಲುವಿನಲ್ಲಿ ನಾವು ತೋರಿಸಬೇಕಾದದ್ದು 177.25 ಟಿಎಂಸಿ. ಅದೂ ತಿಂಗಳ ಪಟ್ಟಿಯ ಪ್ರಕಾರ. ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ. ನಿಮ್ಮ ಭತ್ತದ ನಾಟಿ ಇರುವುದೂ ಆಗಸ್ಟ್‌ನ ಆಸುಪಾಸಿನಲ್ಲೇ ಅಲ್ವಾ? ಜಾಸ್ತಿ ನೀರು ಕೊಡಬೇಕಾದ ತಿಂಗಳು, ಜಾಸ್ತಿ ನೀರು ಬೇಕಾದ ತಿಂಗಳು, ಎರಡೂ ಒಂದೇ. ಕೊಡಗಿನಲ್ಲಿ, ಕಬಿನಿಯ ಮೇಲಿನ ವಯನಾಡಿನಲ್ಲಿ ಮಳೆ ಹದಿನೈದು ದಿನ ತಡವಾದರೂ ಜಗಳ ಶುರುವಾಗುವುದು ಇದೇ ಕಾರಣಕ್ಕೆ.

2023ರಲ್ಲಿ ಆದದ್ದು ಅದೇ. ಸೆಪ್ಟೆಂಬರ್‌ನಲ್ಲಿ ಹದಿನೈದು ದಿನ 5,000 ಕ್ಯುಸೆಕ್ (ಸೆಕೆಂಡಿಗೆ 5,000 ಘನ ಅಡಿ) ಬಿಡಿ ಎಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿತು. ಮಂಡ್ಯ ಬೀದಿಗಿಳಿಯಿತು. 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಅಂದರೆ ಆ ಆದೇಶದ ಒಟ್ಟು ನೀರು ಸುಮಾರು ಆರೂವರೆ ಟಿಎಂಸಿ. ತುಂಬಿದ ಕೆಆರ್‌ಎಸ್‌ನಲ್ಲಿ 49.45 ಟಿಎಂಸಿ ಇರುತ್ತದೆ. ಆರೂವರೆ ಅದರಲ್ಲಿ ಎಂಟನೇ ಒಂದು ಪಾಲಿಗಿಂತ ತುಸು ಜಾಸ್ತಿ ಅಷ್ಟೆ. ಆದರೆ ಆ ವರ್ಷ ಕಟ್ಟೆ ತುಂಬಿರಲಿಲ್ಲ. ಹಾಗಾಗಿ ಪ್ರತಿ ಟಿಎಂಸಿಯೂ ಯಾರದೋ ಹೊಲದಿಂದ ಅಥವಾ ಯಾರದೋ ಮನೆಯಿಂದ ಹೋದಂತೆ ಕಂಡಿತು.

ತೀರ್ಪು ಸಾಮಾನ್ಯ ವರ್ಷಕ್ಕೆ ಅಂಕಿ ಕೊಟ್ಟಿದೆ. ಸಂಕಷ್ಟದ ವರ್ಷದಲ್ಲಿ ಕೊರತೆಯನ್ನು ಪಾಲಿಗೆ ತಕ್ಕ ಹಾಗೆ ಹಂಚಿಕೊಳ್ಳಬೇಕು ಎನ್ನುತ್ತದೆ. ಆದರೆ ಯಾವ ದಿನ, ಯಾವ ಅಳತೆ, ಎಷ್ಟು ಕಡಿತ ಎಂಬ ಸೂತ್ರಕ್ಕೆ ಎಲ್ಲ ರಾಜ್ಯಗಳ ಒಪ್ಪಿಗೆ ಸಿಕ್ಕಿಲ್ಲ. ಅದಕ್ಕೇ ಪ್ರತಿ ಬರದಲ್ಲೂ ಹದಿನೈದು ದಿನಕ್ಕೊಮ್ಮೆ ದಿಲ್ಲಿಯಲ್ಲಿ ಸಭೆ, ಇಲ್ಲಿ ರಸ್ತೆತಡೆ. ಇಲ್ಲಿ ನಾನು ತಮಿಳುನಾಡಿನ ರೈತರನ್ನು ದೂರುವುದಿಲ್ಲ. ಅವರ ಕುರುವೈ ಬೆಳೆಗೆ ಮೆಟ್ಟೂರಿನಿಂದ ನೀರು ಬಿಡುವ ದಿನ ಜೂನ್ 12. ನಮ್ಮ ಮುಂಗಾರು ಇನ್ನೂ ಕಣ್ಣು ಬಿಡುತ್ತಿರುವ ಹೊತ್ತು ಅದು. ಆ ಸಂಕಟ ಅವರಿಗೂ ಇದೆ.

ಈಗ ನಿಮ್ಮ ನಿಜವಾದ ಪ್ರಶ್ನೆ, ಬೆಂಗಳೂರು.

ನಾಲ್ಕನೇ ಹಂತ ಮುಗಿದಾಗ ನಗರಕ್ಕೆ ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ಕಾವೇರಿ ನೀರು ಬರುತ್ತಿತ್ತು. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ ಐದನೇ ಹಂತ ಇನ್ನೂ 775 ಸೇರಿಸಿತು. ಪಾಲಿಕೆಗೆ ಹಿಂದೆಯೇ ಸೇರಿದ್ದ 110 ಹಳ್ಳಿಗಳಿಗೆ ಅದು. ಒಂದು ಟಿಎಂಸಿ ಎಂದರೆ 28,317 ದಶಲಕ್ಷ ಲೀಟರ್. ಗುಣಿಸಿ ನೋಡಿ: ಐದನೇ ಹಂತ ಒಂದೇ ವರ್ಷಕ್ಕೆ ಹತ್ತು ಟಿಎಂಸಿ. ಎಲ್ಲ ಹಂತ ಸೇರಿದರೆ 28.7 ಟಿಎಂಸಿ. ನಾಲೆಯ ಬಾಯಲ್ಲಿ ಭತ್ತದ ಎಕರೆಗೆ ನಾಲ್ಕು ಅಡಿ ನೀರು ಎಂದು ಹಿಡಿದರೆ ಒಂದು ಟಿಎಂಸಿ ಸುಮಾರು 5,700 ಎಕರೆಗೆ ಸಾಕು. ಐದನೇ ಹಂತದ ನೀರು ಗದ್ದೆಯ ಲೆಕ್ಕದಲ್ಲಿ 57,000 ಎಕರೆ. ನಿಮ್ಮ ಆತಂಕಕ್ಕೆ ಆಧಾರ ಇದೆ.

ಆದರೂ ಇದು ಅರ್ಧ ಚಿತ್ರ. ನ್ಯಾಯಮಂಡಳಿಯ ಲೆಕ್ಕದಲ್ಲಿ ಊರಿಗೆಂದು ನದಿಯಿಂದ ಎತ್ತಿದ ನೀರಿನಲ್ಲಿ ಶೇ 20 ಮಾತ್ರ ಖರ್ಚು. ಉಳಿದ ಶೇ 80 ಬಚ್ಚಲು, ಶೌಚಾಲಯ, ಚರಂಡಿಯ ದಾರಿಯಲ್ಲಿ ವಾಪಸ್ ಬರುತ್ತದೆ ಎಂದು ಹಿಡಿದಿದ್ದಾರೆ. ಕೋರ್ಟ್ ಕೊಟ್ಟ 4.75 ಟಿಎಂಸಿಯಲ್ಲಿ ನಗರ ಸುಮಾರು 24 ಟಿಎಂಸಿ ಎತ್ತಬಹುದು ಎನ್ನುವುದು ಈ ಲೆಕ್ಕದಿಂದಲೇ. ಕಾಗದದ ಮೇಲೆ ನೋಡಿದರೆ ನಗರ ಖರ್ಚು ಮಾಡುವುದು ರಾಜ್ಯದ ಪಾಲಿನಲ್ಲಿ ಶೇ 2ರಷ್ಟು. ಬಹುಪಾಲು ನೀರು ಈಗಲೂ ನೀರಾವರಿಗೇ.

ಹಾಗಾದರೆ ವಾಪಸ್ ಬರುವ ಆ ಶೇ 80 ಎಲ್ಲಿ ಬರುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಇಡೀ ಪ್ರಶ್ನೆಯ ಗಂಟು ಇಲ್ಲೇ ಇದೆ.

ಬೆಂಗಳೂರು ಒಂದು ದಿಣ್ಣೆಯ ಮೇಲೆ ಕೂತಿದೆ. ಅದರ ಪಶ್ಚಿಮ, ನೈರುತ್ಯದ ನೀರು ವೃಷಭಾವತಿಗೆ ಇಳಿದು, ಬೈರಮಂಗಲ ದಾಟಿ, ಅರ್ಕಾವತಿ ಸೇರಿ, ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿಗೆ ಬರುತ್ತದೆ. ಪೂರ್ವದ ನೀರು, ಅಂದರೆ ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳದ್ದು, ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಅದು ಬೇರೆಯೇ ನದಿ. ಕಾವೇರಿಗೆ ತಿರುಗಿ ಬರುವುದಿಲ್ಲ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಯೋಜನೆಯ ಅಳತೆ ದಿನಕ್ಕೆ 440 ದಶಲಕ್ಷ ಲೀಟರ್. ಕೋಲಾರಕ್ಕೆ ಅದು ಬೇಕಾಗಿತ್ತು. ಸಾವಿರ ಅಡಿ ಕೊರೆದರೂ ನೀರು ಸಿಗದ ಜಿಲ್ಲೆ ಅದು. ಎರಡನೇ ಹಂತದ ಸಂಸ್ಕರಣೆ ಮಾತ್ರ ಸಾಲದು, ಮೂರನೇ ಹಂತದ್ದೂ ಬೇಕು ಎಂದು ಅಲ್ಲಿನ ರೈತರು ಕೇಳುತ್ತಿರುವುದು ನ್ಯಾಯವಾಗಿದೆ. ಆದರೆ ಕಾವೇರಿಯ ಲೆಕ್ಕದಲ್ಲಿ ಆ ನೀರು ಹೋಯಿತು ಎಂದೇ ಅರ್ಥ.

ಪಶ್ಚಿಮದ ನೀರು ಕಾವೇರಿಗೇನೋ ಬರುತ್ತದೆ. ಆದರೆ ಎಲ್ಲಿ? ಸಂಗಮದಲ್ಲಿ. ಮಂಡ್ಯಕ್ಕೆ ಕಾವೇರಿ ನೀರು ಕೊಡುವ ನಾಲೆಗಳೆಲ್ಲ ಅದಕ್ಕಿಂತ ಬಹಳ ಮೇಲಿವೆ. ಅಂದರೆ ತೀರ್ಪಿನ ಪುಸ್ತಕದಲ್ಲಿ ‘ವಾಪಸ್ ಬಂದ ನೀರು’ ನಿಮ್ಮ ಗದ್ದೆಗೆ ಎಂದೂ ವಾಪಸ್ ಬರುವುದಿಲ್ಲ. ನಿಮ್ಮ ದೃಷ್ಟಿಯಲ್ಲಿ ನಗರ ಎತ್ತಿದ್ದು ಶೇ 20 ಅಲ್ಲ, ನೂರಕ್ಕೆ ನೂರು.

ಇದರಲ್ಲೇ ಒಂದು ದಾರಿಯೂ ಇದೆ. ತಮಿಳುನಾಡಿಗೆ ಬಿಟ್ಟ ನೀರನ್ನು ಅಳೆಯುವ ಬಿಳಿಗುಂಡ್ಲು ಇರುವುದು ಸಂಗಮಕ್ಕಿಂತ ಕೆಳಗೆ. ವೃಷಭಾವತಿಯಲ್ಲಿ ವರ್ಷವಿಡೀ ಹರಿಯುವ ನೀರು ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿ ಒಂದು ಟಿಎಂಸಿ ಹೆಚ್ಚು ಬಂದರೆ ಕೆಆರ್‌ಎಸ್‌ನಿಂದ ಬಿಡಬೇಕಾದದ್ದರಲ್ಲಿ ಒಂದು ಟಿಎಂಸಿ ಕಡಿಮೆ. ಫೆಬ್ರುವರಿಯಿಂದ ಮೇ ತನಕ ತಿಂಗಳಿಗೆ ಎರಡೂವರೆ ಟಿಎಂಸಿ ಕೊಡಬೇಕಾದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ವೃಷಭಾವತಿಯನ್ನು ಶುಚಿ ಮಾಡುವುದು ಬೆಂಗಳೂರಿನ ಅಂದಚೆಂದದ ಕೆಲಸ ಅಲ್ಲ. ಅದು ಮಂಡ್ಯದ ನೀರಾವರಿ ಕೆಲಸ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಈಗ ಆ ಹೊಳೆಯಲ್ಲಿ ಹರಿಯುವುದು ನೊರೆ, ಕೊಳಚೆ, ಕಾರ್ಖಾನೆಗಳ ರಾಸಾಯನಿಕ. ಅಂಥ ನೀರನ್ನು ಲೆಕ್ಕಕ್ಕೆ ಹಿಡಿದು ಕೆಳಗಿನವರಿಗೆ ಕೊಟ್ಟೆವು ಎನ್ನುವುದು ಮರ್ಯಾದೆಯಲ್ಲ.

ಇನ್ನು ಬೇಸಿಗೆಯ ವಿಚಾರ. 2,225 ದಶಲಕ್ಷ ಲೀಟರ್ ಎಂದರೆ ತಿಂಗಳಿಗೆ ಸುಮಾರು 2.4 ಟಿಎಂಸಿ. ಫೆಬ್ರುವರಿಯಿಂದ ಮೇ ತನಕ ಒಂಬತ್ತೂವರೆ. ಅದೇ ನಾಲ್ಕು ತಿಂಗಳಲ್ಲಿ ಬಿಳಿಗುಂಡ್ಲುವಿಗೆ ಹತ್ತು. ಮೈಸೂರು, ಮಂಡ್ಯ, ದಾರಿಯ ಪಟ್ಟಣಗಳು ಬೇರೆ. ಆವಿಯಾಗಿ ಹೋಗುವುದು, ನದಿಯಲ್ಲಿ ಇಂಗುವುದು ಬೇರೆ. ಈ ನೀರೆಲ್ಲ ಕಟ್ಟೆಗಳಲ್ಲಿ ಜನವರಿ ಕೊನೆಗೆ ಉಳಿದಿರಲೇಬೇಕು. ಕುಡಿಯುವ ನೀರು ಮೊದಲು ಎನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ, ನೀವೂ ಅಲ್ಲ. ಹಾಗಾಗಿ ಮಳೆ ಕಡಿಮೆಯಾದ ವರ್ಷ ನಿಮ್ಮ ಬೇಸಿಗೆ ಬೆಳೆಗೆ ನೀರಿಲ್ಲ ಎನ್ನುವುದು ಇನ್ನು ಮುಂದೆ ಹೆಚ್ಚು ಸಲ ಬರುತ್ತದೆ. ನಗರ ಬೆಳೆದಷ್ಟೂ ಈ ಕಾಯ್ದಿಟ್ಟ ಪಾಲು ದೊಡ್ಡದಾಗುತ್ತದೆ. ಇದನ್ನು ನಿಮ್ಮಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ತಪ್ಪಾಗುತ್ತಿರುವುದು ಅದನ್ನು ಹೇಳುವ ಸಮಯದಲ್ಲಿ. ನೀರಾವರಿ ಸಲಹಾ ಸಮಿತಿಯ ಸಭೆ ನಡೆದು, ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂದು ತೀರ್ಮಾನ ಆಗುವ ಹೊತ್ತಿಗೆ ರೈತ ಒಟ್ಲು ಹಾಕಿರುತ್ತಾನೆ, ಸಾಲ ಮಾಡಿರುತ್ತಾನೆ. ಅರ್ಧ ಬೆಳೆದ ಪೈರಿಗೆ ನೀರು ನಿಂತರೆ ನಷ್ಟ ಇಮ್ಮಡಿ. ನಾಟಿ ಮಾಡಬೇಡಿ ಎಂದು ಮೊದಲೇ ಗಟ್ಟಿಯಾಗಿ ಹೇಳಿದ್ದರೆ ಅವನು ರಾಗಿ, ಹುರುಳಿ, ಅಲಸಂದೆ ಏನಾದರೂ ಹಾಕುತ್ತಿದ್ದ.

ಹಾಗಾಗಿ ನಾನು ಬಯಸುವ ಯೋಜನೆ ಹೀಗಿರುತ್ತದೆ. ಪ್ರತಿ ವರ್ಷ ಜೂನ್‌ಗೆ ಮೊದಲೇ ಒಂದು ಪಟ್ಟಿ ಪ್ರಕಟವಾಗಬೇಕು. ಜುಲೈ 15, ಆಗಸ್ಟ್ 15, ಸೆಪ್ಟೆಂಬರ್ 15, ಈ ಮೂರು ದಿನ ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿಗಳಲ್ಲಿ ಒಟ್ಟು ಎಷ್ಟು ನೀರಿದ್ದರೆ ಯಾವ ನಾಲೆಗೆ ಯಾವ ಬೆಳೆಗೆ ನೀರು, ಎಷ್ಟು ಕಡಿಮೆಯಾದರೆ ಯಾರಿಗೆ ಎಷ್ಟು ಕಡಿತ. ನಗರಕ್ಕೂ ಕಡಿತ ಇರಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದರು. ಒಳ್ಳೆಯದೇ. ಆದರೆ ಹಿಂದಿನ ಸೆಪ್ಟೆಂಬರ್‌ನಲ್ಲೇ ಕಟ್ಟೆಯ ಮಟ್ಟ ಕಥೆ ಹೇಳುತ್ತಿತ್ತು. ಆಗಲೇ ಆ ನಿಯಮ ತಾನಾಗಿ ಜಾರಿಗೆ ಬರಬೇಕಿತ್ತು. ಮಂಡ್ಯದ ನಾಲೆ ನಿಲ್ಲುವ ದಿನವೇ ನಗರದ ಈಜುಕೊಳ, ಹುಲ್ಲುಹಾಸುಗಳೂ ನಿಲ್ಲಬೇಕು.

ಎರಡನೆಯದು ದುಡ್ಡು. ಬರದ ವರ್ಷ ನಗರಕ್ಕಾಗಿ ನಿಮ್ಮ ನಾಲೆ ನಿಲ್ಲಿಸುವುದಾದರೆ, ಎಕರೆಗೆ ಇಷ್ಟು ಎಂದು ನಾಟಿಗೆ ಮೊದಲೇ ನಿಮ್ಮ ಖಾತೆಗೆ ಬರಬೇಕು. ಬೆಳೆ ಒಣಗಿದ ಮೇಲೆ ಸಮೀಕ್ಷೆ ಮಾಡಿ, ತಿಂಗಳುಗಟ್ಟಲೆ ಕಾಯಿಸಿ ಕೊಡುವ ಪರಿಹಾರ ಅಲ್ಲ. 2014ರ ನಂತರ ಮೊದಲ ಸಲ 2025ರಲ್ಲಿ ಬೆಂಗಳೂರಿನ ನೀರಿನ ದರ ಏರಿತು. ಆ ಬಿಲ್ಲಿನಲ್ಲಿ ವಿದ್ಯುತ್ ಖರ್ಚಿದೆ, ಪೈಪಿನ ಖರ್ಚಿದೆ. ನೀರು ಬಿಟ್ಟುಕೊಟ್ಟವರ ಪಾಲು ಇಲ್ಲ. ಅದು ಇರಬೇಕು ಎಂದು ನಾನು ನಂಬುತ್ತೇನೆ. ಇದು ದಾನ ಅಲ್ಲ, ಬೆಲೆ.

ಭತ್ತ, ಕಬ್ಬು ಬಿಡಿ ಎಂದು ರೈತರಿಗೆ ಬುದ್ಧಿ ಹೇಳುವವರು ಬಹಳ ಇದ್ದಾರೆ. ಆ ಮಾತಿಗೆ ಒಂದು ಹಿನ್ನೆಲೆ ಇದೆ. ಕೆಆರ್‌ಎಸ್ ನಾಲೆಯ ಕೆಳಗೆ ನೀರಾವರಿ ಶುರುವಾದಾಗ ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿ ಇತ್ತು. ಒಂದು ಭಾಗ ಭತ್ತ, ಒಂದು ಭಾಗ ಕಬ್ಬು, ಒಂದು ಭಾಗ ಕಡಿಮೆ ನೀರಿನ ಬೆಳೆ, ಸರದಿಯಲ್ಲಿ ಬದಲಾಯಿಸುತ್ತಾ ಹೋಗಬೇಕು. ನೀರು ಎಲ್ಲರಿಗೂ ತಲುಪಲಿ ಎನ್ನುವುದೇ ಅದರ ಉದ್ದೇಶ. ಕಾಲಕ್ರಮೇಣ ಅದು ಅಳಿಸಿಹೋಯಿತು. ಮೇಲಿನವರು ಎಲ್ಲ ಹಂಗಾಮಿನಲ್ಲೂ ಭತ್ತ, ಕಬ್ಬು ಬೆಳೆದರು. ಕೊನೆಯವರಿಗೆ ನೀರು ಸೊರಗಿತು. ಆದರೆ ರೈತ ಬೆಳೆ ಬದಲಿಸುವುದು ಭಾಷಣಕ್ಕಲ್ಲ, ಮಾರುಕಟ್ಟೆಗೆ. ರಾಗಿಗೆ ಬೆಂಬಲ ಬೆಲೆಯಲ್ಲಿ ಖರೀದಿ ಗಟ್ಟಿಯಾಗಿ ನಡೆದರೆ ರಾಗಿ ಬೆಳೆಯುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಏರೋಬಿಕ್ ಭತ್ತವನ್ನು ಪರಿಚಯಿಸಿ ಬಹಳ ವರ್ಷ ಆಯಿತು. ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಭತ್ತ ಅದು. ಕಳೆ ಹೆಚ್ಚು ಬರುತ್ತದೆ ಎಂಬ ದೂರು ನಿಜ. ಕಳೆ ತೆಗೆಯುವ ಖರ್ಚನ್ನು ಸರ್ಕಾರ ಹಂಚಿಕೊಂಡರೂ, ಅದೇ ನೀರಿಗೆ ಇನ್ನೊಂದು ಅಣೆಕಟ್ಟು ಕಟ್ಟುವುದಕ್ಕಿಂತ ಅಗ್ಗ.

ನಾಲೆಗೆ ಕಾಂಕ್ರೀಟ್ ಹಾಕುವ ಕೆಲಸದ ಬಗ್ಗೆ ಒಂದು ಎಚ್ಚರ. ಅದರಿಂದ ಕೊನೆಗೆ ನೀರು ಬೇಗ ಮುಟ್ಟುತ್ತದೆ, ನಿಮಗೆ ಲಾಭ. ಆದರೆ ಇಂಗುವ ನೀರು ಕಡಿಮೆಯಾಗಿ ದಾರಿಯ ಬಾವಿ, ಬೋರ್‌ವೆಲ್ ಸೊರಗುತ್ತವೆ. ಗದ್ದೆ ಬಸಿದು ಹಳ್ಳ ಸೇರುವ ನೀರೂ ಕಡಿಮೆಯಾಗುತ್ತದೆ. ‘ಉಳಿಸಿದ’ ನೀರನ್ನು ಮೇಲಿನವರು ಹೊಸ ಅಚ್ಚುಕಟ್ಟಿಗೆ ಒಯ್ದರೆ ನಿಮಗೆ ಮತ್ತೆ ಏನೂ ಉಳಿಯುವುದಿಲ್ಲ. ಹೇಮಾವತಿ ನೀರನ್ನು ಲಿಂಕ್ ಕೆನಾಲ್‌ನಲ್ಲಿ ಕುಣಿಗಲ್, ಮಾಗಡಿ ಕಡೆ ಒಯ್ಯುವುದಕ್ಕೆ ಗುಬ್ಬಿ, ತುಮಕೂರಿನವರು ಎದ್ದು ನಿಂತದ್ದು ಇದೇ ಭಯದಿಂದ. ಒಂದೇ ರಾಜ್ಯ, ಒಂದೇ ನದಿ, ಆದರೂ ಲಿಖಿತ ಪಾಲಿಲ್ಲದ ಕಡೆ ನಂಬಿಕೆ ಹುಟ್ಟುವುದಿಲ್ಲ.

ಮೇಕೆದಾಟು ಅಣೆಕಟ್ಟು ಬಂದರೆ ಎಲ್ಲ ಸರಿಯಾಗುತ್ತದಾ ಎಂದು ಬಹಳ ಜನ ಕೇಳುತ್ತಾರೆ. 67.16 ಟಿಎಂಸಿ ಸಂಗ್ರಹ, 400 ಮೆಗಾವ್ಯಾಟ್ ವಿದ್ಯುತ್ ಎನ್ನುವ ಯೋಜನೆ ಅದು. ಕೆಆರ್‌ಎಸ್, ಕಬಿನಿಗಳ ಕೆಳಗೆ ಬೀಳುವ ಮಳೆ ನೀರನ್ನು ಹಿಡಿಯಲು, ತಿಂಗಳ ಪಟ್ಟಿಯನ್ನು ಸರಿದೂಗಿಸಲು ಅದು ನೆರವಾಗುತ್ತದೆ, ನಿಜ. 2025ರಲ್ಲಿ ಕೆಆರ್‌ಎಸ್ ಜೂನ್‌ನಲ್ಲೇ ತುಂಬಿತು. ಅಂಥ ವರ್ಷದ ನೀರನ್ನು ಕೂಡಿಡಬಹುದು. ಆದರೆ ಕಾವೇರಿ ವನ್ಯಜೀವಿಧಾಮದ ದೊಡ್ಡ ಕಾಡು ಮುಳುಗುತ್ತದೆ. ಮತ್ತೆ, ಅದು ನಿಮ್ಮ ನಾಲೆಗಿಂತ ಕೆಳಗಿದೆ. 2023ರಂಥ ವರ್ಷದಲ್ಲಿ ಮೇಲಿನ ಕಟ್ಟೆಗಳೇ ತುಂಬದಿದ್ದಾಗ ಕೆಳಗಿನದು ತುಂಬುವುದು ಎಲ್ಲಿಂದ? ಕಟ್ಟಲಿ, ಬಿಡಲಿ, ಬರದ ನಿಯಮ ಮಾತ್ರ ಬೇಕೇ ಬೇಕು.

ನಗರದ ಯೋಜನೆ ಮಾಡುವವರಿಗೂ ಒಂದು ಮಾತು ಹೇಳಬೇಕಿದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬರುತ್ತದೆ. ಹಳೆಯ ಪಾಲಿಕೆಯ 709 ಚದರ ಕಿಲೋಮೀಟರ್‌ಗೆ ಗುಣಿಸಿದರೆ 24 ಟಿಎಂಸಿ. ಎಲ್ಲವನ್ನೂ ಹಿಡಿಯಲು ಆಗುವುದಿಲ್ಲ, ಆದರೆ ಕಾಲು ಭಾಗ ಹಿಡಿದರೂ ಐದನೇ ಹಂತದ ಅರ್ಧಕ್ಕಿಂತ ಜಾಸ್ತಿ. ಈ ನಗರ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳಿಂದ ಅರ್ಕಾವತಿಯ ನೀರು ಕುಡಿದೇ ಬೆಳೆದದ್ದು. ಆ ಹೊಳೆಯ ಹಾದಿಯಲ್ಲಿ ಬಡಾವಣೆ, ನೀಲಗಿರಿ, ಬೋರ್‌ವೆಲ್ ತುಂಬಿ ಹೊಳೆ ಬತ್ತಿತು. ಅದಕ್ಕೂ ಮೊದಲೇ, ಆ ಹೊಳೆಯ ನೀರು ಸಾಲದಾದಾಗ, ನೂರು ಕಿಲೋಮೀಟರ್ ದೂರದಿಂದ, ಕೆಳಗಿಂದ ಮೇಲಕ್ಕೆ ಪಂಪ್ ಮಾಡಿ ಕಾವೇರಿ ತಂದರು. ಬಡಾವಣೆಗೆ ಒಪ್ಪಿಗೆ ಕೊಡುವ ಕಚೇರಿ ಒಂದು, ನೀರು ಕೊಡುವ ಕಚೇರಿ ಇನ್ನೊಂದು, ನಾಲೆ ನೋಡಿಕೊಳ್ಳುವ ನಿಗಮ ಮತ್ತೊಂದು. ಮೂವರೂ ಒಂದು ಮೇಜಿನಲ್ಲಿ ಕೂತು, ಇಷ್ಟು ನೀರಿದೆ, ಆದ್ದರಿಂದ ನಗರ ಇಲ್ಲಿಯವರೆಗೆ ಬೆಳೆಯಬಹುದು ಎಂದು ಹೇಳಿದ್ದನ್ನು ನಾನು ಕಂಡಿಲ್ಲ. ನಗರ ಮೊದಲು ಬೆಳೆಯುತ್ತದೆ, ನೀರನ್ನು ಆಮೇಲೆ ಹುಡುಕುತ್ತಾರೆ. ಆರನೇ ಹಂತಕ್ಕೆ ಮುನ್ನ ಪೈಪಿನಲ್ಲಿ ಸೋರಿ, ಲೆಕ್ಕಕ್ಕೆ ಸಿಗದೆ ಹೋಗುವ ನೀರನ್ನು ಹಿಡಿಯಬೇಕು. ಅದು ಬಹಳ ವರ್ಷ ಒಟ್ಟು ನೀರಿನ ಕಾಲು ಭಾಗಕ್ಕಿಂತ ಜಾಸ್ತಿಯೇ ಇತ್ತು.

ನದಿಯ ಸ್ವಂತ ಪಾಲಿನ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ. 740ರಲ್ಲಿ ಅದಕ್ಕೆ ಕೊಟ್ಟದ್ದು 10 ಟಿಎಂಸಿ. ಮೀನು, ಹೊಳೆದಂಡೆಯ ಮರ, ದಂಡೆಯ ಊರಿನ ಬಾವಿ, ಎಲ್ಲ ಅದರಲ್ಲೇ ಬದುಕಬೇಕು. ಅದನ್ನು ಬರದಲ್ಲಿ ಮೊದಲು ಕತ್ತರಿಸುವ ಪಾಲಾಗಿ ಮಾಡಬಾರದು.

ಇನ್ನು ನೀವು ಏನು ಕೇಳಬೇಕು ಎಂಬುದಕ್ಕೆ. ಮುಂದಿನ ಸಲಹಾ ಸಮಿತಿ ಸಭೆಗೆ ಮೊದಲು ನಿಮ್ಮ ನೀರು ಬಳಕೆದಾರರ ಸಂಘದಿಂದ ಲಿಖಿತವಾಗಿ ಮೂರು ಅಂಕಿ ಕೇಳಿ: ಜನವರಿ ಕೊನೆಗೆ ಕುಡಿಯುವ ನೀರಿಗೆಂದು ಎಷ್ಟು ಟಿಎಂಸಿ ಕಾಯ್ದಿಡುತ್ತಾರೆ, ಕಟ್ಟೆಯ ಯಾವ ಮಟ್ಟದಲ್ಲಿ ಬೇಸಿಗೆ ಬೆಳೆಗೆ ನೀರಿಲ್ಲ ಎನ್ನುತ್ತಾರೆ, ನಿಮ್ಮ ಉಪನಾಲೆಯ ಕೊನೆಯ ತೂಬಿಗೆ ಕಳೆದ ಹಂಗಾಮಿನಲ್ಲಿ ಎಷ್ಟು ದಿನ ನೀರು ಬಂತು. ಮೂರನೆಯದನ್ನು ನೀವೇ ಬರೆದಿಡಲು ಶುರು ಮಾಡಿ. ನೀರಗಂಟಿಯ ಜೊತೆ ಮಾತಾಡಿ, ದಿನಾಂಕ ಹಾಕಿ, ಸಂಘದ ಪುಸ್ತಕದಲ್ಲಿ ಸಹಿ ಮಾಡಿಸಿ. ಸಭೆಯಲ್ಲಿ ಆ ಪುಸ್ತಕದ ಮುಂದೆ ಮಾತು ಬದಲಾಗುತ್ತದೆ. ಮೂರು ಎಕರೆಯಲ್ಲಿ ಒಂದು ಎಕರೆಯನ್ನಾದರೂ ನಾಲೆಯಿಲ್ಲದೆ ನಿಲ್ಲುವ ಬೆಳೆಗೆ ಇಟ್ಟುಕೊಳ್ಳಿ. ಕೂಳೆ ಕಬ್ಬು ಬಿಡುವ ಯೋಚನೆಯಿದ್ದರೆ ಆಗಸ್ಟ್ 15ರ ಕಟ್ಟೆ ಮಟ್ಟ ನೋಡಿ ತೀರ್ಮಾನ ಮಾಡಿ, ಅದಕ್ಕೆ ಮೊದಲು ಬೇಡ.